ವೈರಾಣು ವಿಜ್ಞಾನಿಯಾಗಲು ಪಿಎಚ್.ಡಿ. ಅನಿವಾರ್ಯವೇ?

ಪ್ರಶ್ನೆ: ಸೂಕ್ಷ್ಮಜೀವಿಶಾಸ್ತ್ರದಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ವೈರಾಣುಗಳ ಅಧ್ಯಯನವನ್ನೇ ವೃತ್ತಿಯಾಗಿಸಿಕೊಳ್ಳುವ ಆಸೆಯಿದೆ. ಪಿಎಚ್.ಡಿ. ಇಲ್ಲದೆ ಇಲ್ಲಿ ನೆಲೆ ನಿಲ್ಲಬಹುದೇ? ದಿನನಿತ್ಯದ ಕೆಲಸ ಹೇಗಿರುತ್ತದೆ ಎಂಬುದನ್ನೂ ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1: ಸ್ವಂತ ಸಂಶೋಧನಾ ತಂಡ ಕಟ್ಟುವುದಾದರೆ ಪಿಎಚ್.ಡಿ.ಯೂ ಅದರ ನಂತರದ ಕೆಲವು ವರ್ಷಗಳ ತರಬೇತಿಯೂ ಬೇಕೇ ಬೇಕು. ರೋಗಪತ್ತೆ ಅಥವಾ ಲಸಿಕೆ ತಯಾರಿಕೆಯಲ್ಲಿ ಸ್ನಾತಕೋತ್ತರ ಪದವಿಯೂ ಸಾಕಾಗಬಹುದು. ಕೆಲಸದಲ್ಲಿ ತಾಳ್ಮೆಯೇ ಮುಖ್ಯ. ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಪದರಕ್ಕೆ ವೈರಾಣುವಿನ ದ್ರಾವಣ ಹಾಕಿ, ಕೆಲವು ದಿನ ಕಾದು, ನೇರಳೆ ಬಣ್ಣ ಹಾಕಿ ತೊಳೆದಾಗ, ಕೋಶಗಳು ಸತ್ತ ಜಾಗಗಳು ಬಣ್ಣ ಹಿಡಿಯದ ಪುಟ್ಟ ಚುಕ್ಕೆಗಳಾಗಿ ಉಳಿಯುತ್ತವೆ. ಅವನ್ನು ಒಂದೊಂದಾಗಿ ಎಣಿಸಿಯೇ ದ್ರಾವಣದಲ್ಲಿ ಎಷ್ಟು ವೈರಾಣುಗಳಿದ್ದವೆಂದು ಲೆಕ್ಕ ಹಾಕುತ್ತೇವೆ. ಬೆಳೆಸಿದ ಕೋಶಗಳಿಗೆ ಹೊರಗಿನ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ ಸೇರಿ ಅವು ಹಾಳಾದರೆ ವಾರಗಳ ಶ್ರಮ ವ್ಯರ್ಥ.

ಉತ್ತರ 2: ಸ್ಕಾಟ್ಲೆಂಡಿನ ವೈರಾಣು ವಿಜ್ಞಾನಿ ಜೂನ್ ಅಲ್ಮೇಡಾ ಅವರ ಬದುಕನ್ನು ಗಮನಿಸಿ. 16ನೇ ವಯಸ್ಸಿನಲ್ಲಿ ಶಾಲೆ ಬಿಟ್ಟು ಪ್ರಯೋಗಾಲಯದ ತಂತ್ರಜ್ಞೆಯಾಗಿ ಸೇರಿದ ಅವರು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪಳಗಿ, 1960ರ ದಶಕದಲ್ಲಿ ಮಾನವ ಕೊರೊನಾವೈರಸ್ಸಿನ ಚಿತ್ರ ತೆಗೆದರು. ಇಂದು ಅಂಥ ದಾರಿ ಅಪರೂಪ, ನಿಜ. ಆದರೂ ಒಂದು ಉಪಕರಣದ ಮೇಲಿನ ಹಿಡಿತ ಎಷ್ಟು ದೂರ ಕೊಂಡೊಯ್ಯಬಲ್ಲದೆಂಬುದು ನನಗೆ ಅಲ್ಲಿ ಕಾಣುತ್ತದೆ.

ಉತ್ತರ 3: ಜೀನೋಮ್ (ವೈರಾಣುವಿನ ಸಂಪೂರ್ಣ ಆನುವಂಶಿಕ ಮಾಹಿತಿ) ದತ್ತಾಂಶ ವಿಶ್ಲೇಷಣೆಯನ್ನೂ ಈಗಲೇ ಕಲಿಯಿರಿ.