ಸಹಾಯ ಬೇಕು: ರ‍್ಯಾಪ್ ವಿಡಿಯೊಗೆ ಮುಂಬೈನ ಮಾಟುಂಗಾ ಕಡೆ ಹೋಟೆಲ್ ಅಡುಗೆಮನೆ, ಜತೆಗೆ ಒಂದು ಸಲಹೆ

ಎಲ್ಲರಿಗೂ ನಮಸ್ಕಾರ. ಕನ್ನಡ ರ‍್ಯಾಪ್ ಹಾಡಿನ ವಿಡಿಯೊ. 90 ಬಿಪಿಎಂ (ನಿಮಿಷಕ್ಕೆ 90 ಬೀಟ್), ಸೆಕೆಂಡಿಗೆ 24 ಫ್ರೇಮ್. ಅಂದರೆ ಬೀಟ್‌ಗೆ ಸರಿಯಾಗಿ 16 ಫ್ರೇಮ್, ನಾಲ್ಕು ಬೀಟ್‌ನ ಬಾರ್‌ಗೆ 64. ಕಟ್ ತಾಳ ತಪ್ಪಲ್ಲ. (25 ಇಟ್ಟರೆ 16.67 ಆಗಿ ಜಾರುತ್ತೆ.)

ತೊಡಕಿರೋದು ಎರಡನೇ ವರ್ಸ್‌ನಲ್ಲಿ (ಚರಣದಲ್ಲಿ). ಮೊದಲನೆಯದು ಜಂಬದ್ದು: 18 ಎಂಎಂ ವೈಡ್ ಲೆನ್ಸ್, ಕ್ಯಾಮೆರಾ ಮೊಣಕಾಲ ಮಟ್ಟದಲ್ಲಿ, ಹಿಂದೆ ಹತ್ತು ಹುಡುಗರು. ಹಳೇ ರೂಢಿ, ಆದರೂ ನಡೆಯುತ್ತೆ. ಎರಡನೆಯದು ಹಗಲು ಉಡುಪಿ ಹೋಟೆಲಲ್ಲಿ ಲೋಟ ತೊಳೆದು ರಾತ್ರಿಶಾಲೆಗೆ ಹೋಗುವವನ ಮಾತು. ಅಲ್ಲೂ ಅದೇ ಆಂಗಲ್ ಇಟ್ಟರೆ ನೋವೂ ಜಂಬದ ಹಾಗೇ ಕಾಣುತ್ತೆ. "ಲೋಟ" ಅಂದಾಗ ಲೋಟ, "ಪಾಟಿ" ಅಂದಾಗ ಪಾಟಿ ತೋರಿಸಿದರೆ ಒಂದನೇ ಕ್ಲಾಸಿನ ಪಾಠಪುಸ್ತಕ! ಅದಕ್ಕೇ 50 ಎಂಎಂ, ಕಣ್ಣಿನ ಮಟ್ಟ, ಒಬ್ಬನೇ. ಸ್ಟೀಲ್ ಲೋಟ ಇಡುವ ಸದ್ದು ಸ್ನೇರ್ ಡ್ರಮ್ಮಿನ ಏಟಿನ ಮೇಲೆ ಬೀಳಬೇಕು. ಲೋಟ ಮಾತ್ರ ಆ ಪದಕ್ಕಿಂತ ಎರಡು ಬಾರ್ ಮೊದಲೇ ಕಂಡಿರಬೇಕು.

ಇದಕ್ಕೆ ರಾತ್ರಿ 11ರ ಮೇಲೆ ಮೂರು ಗಂಟೆ ಅಡುಗೆಮನೆ ಕೊಡುವವರು ಇದ್ದೀರಾ? ಹಳೇ ಟ್ಯೂಬ್‌ಲೈಟ್ ಇದ್ದರೂ ಪರವಾಗಿಲ್ಲ, ಶಟರ್ 1/50 ಸೆಕೆಂಡಿಗೆ ಇಟ್ಟರೆ ಮಿಣುಕಲ್ಲ. ಮೋರಿ ಹತ್ತಿರ ಇಬ್ಬರು ನಿಲ್ಲೋ ಜಾಗ ಸಾಕು.

ಇನ್ನೊಂದು. ಸ್ಲೋ ಮೋಷನ್‌ಗೆ ಸೆಕೆಂಡಿಗೆ 48 ಫ್ರೇಮ್ ಶೂಟ್ ಮಾಡಿ 24ರಲ್ಲಿ ಓಡಿಸೋದು. ಶೂಟ್ ಮಾಡುವಾಗ ಶಟರ್ 1/100, ಸ್ಪೀಕರಲ್ಲಿ ಹಾಡು ಎರಡು ಪಟ್ಟು ವೇಗ. ಇಲ್ಲದಿದ್ದರೆ ತುಟಿ ಹಾಡಿನ ಹಿಂದೆ ಬೀಳುತ್ತೆ. ಹುಕ್‌ನಲ್ಲಿ (ಮತ್ತೆ ಮತ್ತೆ ಬರುವ ಸಾಲು) ಪದ ಕಡಿಮೆ, ಆಗುತ್ತೆ. ವರ್ಸನ್ನು 180 ಬಿಪಿಎಂನಲ್ಲಿ ಹೇಳೋಕೆ ನಾಲಿಗೆ ಹೊರಳಲ್ಲ. 36 ಫ್ರೇಮ್‌ಗೆ ಒಂದೂವರೆ ಪಟ್ಟು ಸಾಕಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.