ಸಹಾಯ ಬೇಕು: ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕಾದಂಬರಿಯ ಪ್ರತಿ

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಮುಂಬಯಿ ಸಮೀಪದ ಡೊಂಬಿವಲಿಯಲ್ಲಿ ನೆಲೆಸಿದ್ದು, ಬೆಳಗಿನ ಲೋಕಲ್ ರೈಲಿನಲ್ಲಿ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣ ತಲುಪುವವರೆಗಿನ ಒಂದೂಕಾಲು ಗಂಟೆಯೇ ನನ್ನ ಓದಿನ ಹೊತ್ತು. ಠಾಣೆಯಲ್ಲಿ ಯಾರಾದರೂ ಇಳಿದು ಜಾಗವಾಗುವ ತನಕ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಪುಸ್ತಕ. ಪುಟ ಮಗುಚುವುದು ಹೆಬ್ಬೆರಳಿನ ಕೆಲಸ. ಮುಂಬಯಿಯ ಕನ್ನಡ ಕಾದಂಬರಿಗಳನ್ನು ಮುಂಬಯಿಯ ರೈಲಿನಲ್ಲೇ ಓದಬೇಕೆಂಬ ಹುಚ್ಚು ನನಗೆ ಹಿಡಿದದ್ದು ಯಶವಂತ ಚಿತ್ತಾಲರ ‘ಶಿಕಾರಿ’ಯಿಂದ (1979). ಕೆಲಸದಿಂದ ಅಮಾನತಾದ ನಾಗಪ್ಪನ ದಿಗಿಲನ್ನು, ಆಫೀಸಿಗೆ ಧಾವಿಸುವ ಜನರ ನಡುವೆ ನಿಂತು ಓದಿದಾಗ ಆಗುವ ಅನುಭವವೇ ಬೇರೆ. ಅದನ್ನು ಮೂರು ಸಲ ಓದಿದ್ದೇನೆ.

1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಬಂಡಾಯ’ದ ಹಳೆಯ ಪ್ರತಿಯೊಂದು ತಂದೆಯವರಿಂದ ನನಗೆ ಬಂದಿತ್ತು. ಕಳೆದ ಮಳೆಗಾಲದಲ್ಲಿ ಕಿಟಕಿಯ ಸಂದಿಯಿಂದ ನೀರು ಇಳಿದು ಕೊನೆಯ ಮೂವತ್ತು ಪುಟಗಳು ಹಪ್ಪಳದಂತೆ ಒಂದಕ್ಕೊಂದು ಅಂಟಿಕೊಂಡವು. ಆವಿ ಹಿಡಿದು ಬಿಡಿಸಲು ಹೋಗಿ ಅಕ್ಷರಗಳನ್ನೇ ಕಿತ್ತುಬಿಟ್ಟೆ (ಈ ಉಪಾಯವನ್ನು ದಯವಿಟ್ಟು ಯಾರೂ ಮಾಡಬೇಡಿ). ಹೀಗಾಗಿ ಕಾದಂಬರಿಯ ಅಂತ್ಯವೇ ನನಗೆ ಸಿಗದೆ ಉಳಿದಿದೆ.

ತಮ್ಮಲ್ಲಿ ಯಾರ ಬಳಿಯಾದರೂ ಪ್ರತಿಯಿದ್ದರೆ ಹದಿನೈದು ದಿನಗಳ ಮಟ್ಟಿಗೆ ಎರವಲು ಕೊಡಬೇಕೆಂದು, ಅಥವಾ ಮಾರಾಟಕ್ಕೆ ಎಲ್ಲಿ ಸಿಗುತ್ತದೆಂದು ತಿಳಿಸಬೇಕೆಂದು ಕೋರುತ್ತೇನೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೆ ಕಾರ್ಯಕ್ರಮಗಳಿಗೆಂದು ಬರುವವರಾದರೆ ಅಲ್ಲಿಯೇ ಭೇಟಿಯಾಗಿ ಪಡೆದುಕೊಳ್ಳುತ್ತೇನೆ. ಪುಸ್ತಕಕ್ಕೆ ಹೊದಿಕೆ ಹಾಕಿಯೇ ಹಿಂದಿರುಗಿಸುತ್ತೇನೆ, ರೈಲಿಗಂತೂ ಒಯ್ಯುವುದಿಲ್ಲ.