ಸಹಾಯ ಬೇಕು: ಹಳೇ ಮೋಟಾರ್ ಬೋಟಿನ ಟ್ರಾನ್ಸಮ್ (ಎಂಜಿನ್ ಕೂರುವ ಹಿಂಬದಿ ಗೋಡೆ) ಒಳಗೆ ಕೊಳೆತಿದೆ

ಎಲ್ಲರಿಗೂ ನಮಸ್ಕಾರ. 17 ಅಡಿಯ ಫೈಬರ್‌ಗ್ಲಾಸ್ ಬೋಟು, 60 ಎಚ್‌ಪಿ ಔಟ್‌ಬೋರ್ಡ್ (ಹಿಂದೆ ಹೊರಗೆ ಕೂರಿಸೋ ಎಂಜಿನ್). ಟ್ರಾನ್ಸಮ್ ಅಂದರೆ ಎರಡು ಫೈಬರ್‌ಗ್ಲಾಸ್ ಪದರ, ನಡುವೆ ಮರ. ಎಂಜಿನ್ ಹಿಡಿದು ಅಲ್ಲಾಡಿಸಿದರೆ ಟ್ರಾನ್ಸಮ್ಮೇ ಅಲುಗುತ್ತೆ. ಸುತ್ತಿಗೆಯಲ್ಲಿ ತಟ್ಟಿದಾಗ ಮೇಲ್ಭಾಗ ಠಣ್ ಅನ್ನುತ್ತೆ, ಡ್ರೈನ್ ತೂತಿನ ಸುತ್ತ ಬರೀ ದಬ್ ದಬ್. ಒಳಗಿನಿಂದ 6 ಮಿ.ಮೀ. ಬಿಟ್ ಹಾಕಿದರೆ ಬರೋ ಹೊಟ್ಟು ಕಪ್ಪಗೆ, ಒದ್ದೆಯಾಗಿ ಬಿಟ್ಟಿಗೇ ಮೆತ್ತಿಕೊಳ್ಳುತ್ತೆ. ಡ್ರೈನ್ ಕೊಳವೆಯ ಸೀಲೆಂಟ್ ಬಿರಿದಿದೆ, ನೀರು ಇಳಿದಿದ್ದು ಅಲ್ಲಿಂದಲೇ.

ಹೊರಪದರ ಮುಟ್ಟದೆ, ಅಂಚಲ್ಲಿ 3 ಇಂಚು ಉಳಿಸಿ ಒಳಪದರ ಕತ್ತರಿಸೋ ಯೋಚನೆ ಇದೆ. ಕೊಳೆತದ್ದೆಲ್ಲ ತೆಗೆದು, 18 ಮಿ.ಮೀ. ಮರೈನ್ ಪ್ಲೈ ಎರಡು ಹಾಳೆ, ನಡುವೆ ದಪ್ಪಗೆ ಕಲಸಿದ ಎಪಾಕ್ಸಿ. ಕ್ಲ್ಯಾಂಪ್ ವಿಪರೀತ ಬಿಗಿದರೆ ಅಂಟೆಲ್ಲ ಹೊರಗೆ ಬಂದು ಜೋಡಣೆ ಸೊರಗುತ್ತೆ, ಹಾಗಾಗಿ ಅಂಚಲ್ಲಿ ಸಣ್ಣಗೆ ಉಕ್ಕುವಷ್ಟೇ ಬಿಗಿ. ಎಂಜಿನ್ ಬೋಲ್ಟ್ ತೂತುಗಳನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅರ್ಧ ಇಂಚಿಗೆ ಮತ್ತೆ ಕೊರೆಯೋದು. ಆಗ ನೀರು ಮರ ಮುಟ್ಟಲ್ಲ.

ಗೊತ್ತಿರುವವರು ದಯವಿಟ್ಟು ಹೇಳಿ: ಹಳೇ ಮರ ತೆಗೆದಾಗ ಹೊರಪದರ ಬಾಗದಂತೆ ಆಧಾರ ಹೇಗೆ ಕೊಡ್ತೀರಿ? ಪಾಲಿಯೆಸ್ಟರ್ ಜೆಲ್‌ಕೋಟ್ (ಬೋಟಿನ ನುಣುಪಾದ ಮೇಲ್ಲೇಪ) ಎಪಾಕ್ಸಿ ಮೇಲೆ ಸರಿಯಾಗಿ ಹಿಡಿಯಲ್ಲ, ಒಳಭಾಗಕ್ಕೆ ಟೂ-ಪಾರ್ಟ್ ಪೇಂಟ್ (ಎರಡು ಭಾಗ ಬೆರೆಸಿ ಹಚ್ಚೋ ಬಣ್ಣ) ಸಾಕಾ? ಸ್ಟ್ರಿಂಗರ್‌ಗಳ (ಬೋಟಿನ ತಳದಲ್ಲಿ ಉದ್ದಕ್ಕೆ ಇರೋ ತೊಲೆಗಳು) ಹಿಂತುದಿ ಸುಮಾರು 8 ಇಂಚು ಮೆತ್ತಗಾಗಿದೆ. 12ಕ್ಕೆ 1ರ ಓರೆ (ದಪ್ಪದ 12 ಪಟ್ಟು ಉದ್ದಕ್ಕೆ) ಕತ್ತರಿಸಿ ಹೊಸ ತುಂಡು ಸೇರಿಸಿದರೆ ತಡೆಯುತ್ತಾ, ಇಡೀ ತೊಲೆಯನ್ನೇ ಬದಲಿಸಬೇಕಾ?

ತೂತು ಕೊರೆದು ಎಪಾಕ್ಸಿ ಇಂಜೆಕ್ಟ್ ಮಾಡಿ ಅಂತ ಮಾತ್ರ ಹೇಳಬೇಡಿ. ಒದ್ದೆ ಮರದೊಳಗೆ ಅದು ಇಳಿಯಲ್ಲ.